ಎಸೆದ ಮೇಲೆ ಅದು ಯಾರದು?



ಪಂಚಶೀಲ ಹೇಳುವಾಗ ಎರಡನೆಯದನ್ನು ನಾವು ಬೇಗ ದಾಟಿಬಿಡುತ್ತೇವೆ. ಕಳ್ಳತನ ಮಾಡುವುದಿಲ್ಲ ಎಂದು ಅದರ ಅರ್ಥ ಹಿಡಿದು, ನಾವೇನೂ ಕಳ್ಳರಲ್ಲವಲ್ಲ ಎಂಬ ಸಮಾಧಾನದಲ್ಲಿ ಮೂರನೆಯದಕ್ಕೆ ಹೋಗುತ್ತೇವೆ. ಆದರೆ ಅಲ್ಲಿರುವ ಪಾಲಿ ಪದ 'ಅದಿನ್ನಾದಾನ'. ಅದಿನ್ನ ಎಂದರೆ ಕೊಡದೇ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. 'ಕಳವು' ಎಂಬ ನಮ್ಮ ಮಾತಿಗಿಂತ ಇದರ ಹರವು ದೊಡ್ಡದು. ಬೀಗ ಮುರಿಯದೆ, ಯಾರ ಜೇಬಿಗೂ ಕೈ ಹಾಕದೆ, ಇನ್ನೊಬ್ಬರ ಶ್ರಮವನ್ನು, ಆರೋಗ್ಯವನ್ನು, ಉಸಿರನ್ನು ಅವರು ಕೊಡದಿದ್ದರೂ ತೆಗೆದುಕೊಳ್ಳಬಹುದು.

ಈ ದಿನ ಆ ಶೀಲವನ್ನು ಒಂದು ಸಣ್ಣ ವಸ್ತುವಿನ ಪಕ್ಕದಲ್ಲಿಟ್ಟು ನೋಡೋಣ. ಸಂತೆಯಲ್ಲಿ ಸೊಪ್ಪಿನ ಜೊತೆ ಪುಕ್ಕಟೆಯಾಗಿ ಬರುವ ಪ್ಲಾಸ್ಟಿಕ್ ಕವರ್ ಆ ವಸ್ತು.

ಸೊಪ್ಪಿಗೆ ಹತ್ತು ರೂಪಾಯಿ ಎಂದರೆ ಚೌಕಾಸಿ ಮಾಡುವ ನಾವು ಕವರಿನ ಬೆಲೆ ಕೇಳುವುದೇ ಇಲ್ಲ. ಸಂತೆಯಿಂದ ಮನೆಗೆ ಬರುವ ಅರ್ಧ ಗಂಟೆ ಅದರ ಕೆಲಸ. ಆಮೇಲೆ ತಲೆಮಾರುಗಳ ಕಾಲ ಅದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅರ್ಧ ಗಂಟೆಯ ಅನುಕೂಲ ನಮಗೆ ಸಿಕ್ಕಿತು. ಉಳಿದ ಕಾಲದ ಖರ್ಚನ್ನು ಕೊಡುವವರು ಯಾರು? ಅವರು ಒಪ್ಪಿ ಕೊಟ್ಟರೇ?

ಈ ಪ್ರಶ್ನೆಗೆ ದಾರಿ ತೋರಿಸುವ ಒಂದು ಪ್ರಸಂಗ ವಿನಯಪಿಟಕದ ಚುಲ್ಲವಗ್ಗದಲ್ಲಿದೆ. ಕೋಸಂಬಿಯ ರಾಜ ಉದೇನನ ರಾಣಿಯರು ಆನಂದ ಭಂತೆಯವರ ಉಪದೇಶ ಕೇಳಿ ಐನೂರು ಚೀವರಗಳನ್ನು ದಾನ ಕೊಟ್ಟರು. ರಾಜನಿಗೆ ಅನುಮಾನ ಬಂತು. ಒಬ್ಬ ಭಿಕ್ಷುವಿಗೆ ಇಷ್ಟೊಂದು ಬಟ್ಟೆ ಏಕೆ, ಇವರೇನು ಬಟ್ಟೆ ಅಂಗಡಿ ಇಡುತ್ತಾರೆಯೇ ಎಂದುಕೊಂಡು ಸ್ವತಃ ಬಂದು ಕೇಳಿದ. ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು ಆನಂದರು. ಅವರ ಹಳೆಯ ಚೀವರಗಳನ್ನು ಏನು ಮಾಡುತ್ತೀರಿ? ಹಾಸಿಗೆಯ ಮೇಲೆ ಹೊದಿಸುತ್ತೇವೆ. ಆ ಹೊದಿಕೆಗಳು ಹಳೆಯದಾದರೆ? ಹಾಸಿಗೆಯ ಚೀಲ ಮಾಡುತ್ತೇವೆ. ಅದೂ ಹಳೆಯದಾದರೆ? ನೆಲಕ್ಕೆ ಹಾಸುತ್ತೇವೆ. ಆಮೇಲೆ? ಕಾಲು ಒರೆಸುವ ಬಟ್ಟೆ. ಆಮೇಲೆ? ಧೂಳು ಹೊಡೆಯುವ ಬಟ್ಟೆ. ಅದೂ ಚಿಂದಿಯಾದರೆ? ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ ಐನೂರು ಬಟ್ಟೆ ಕೊಟ್ಟನಂತೆ.

ಈ ಪ್ರಸಂಗವನ್ನು ಮಿತವ್ಯಯದ ಪಾಠ ಎಂದು ಹೇಳುವುದುಂಟು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ವಸ್ತುವನ್ನು ಕೈಗೆ ತೆಗೆದುಕೊಳ್ಳುವ ಹೊತ್ತಿನಲ್ಲೇ ಅದರ ಕೊನೆ ಆನಂದರಿಗೆ ಗೊತ್ತಿತ್ತು. ಅವರು ಹೇಳಿದ ಸಾಲಿನಲ್ಲಿ 'ಎಸೆಯುತ್ತೇವೆ' ಎಂಬ ಮೆಟ್ಟಿಲೇ ಇಲ್ಲ. ಕೊನೆಯ ಮೆಟ್ಟಿಲು ಮಣ್ಣು. ಅಲ್ಲಿಯವರೆಗೂ ಆ ಬಟ್ಟೆ ಅವರ ಜವಾಬ್ದಾರಿಯಲ್ಲೇ ಇತ್ತು.

ನಮ್ಮ ಮನೆಗಳಿಗೂ ಈ ಲೆಕ್ಕ ಹೊಸದಲ್ಲ. ಅಮ್ಮನ ಹಳೆ ಸೀರೆ ಮಗುವಿಗೆ ಜೋಲಿಯಾಗುತ್ತಿತ್ತು, ಆಮೇಲೆ ಹೊದಿಕೆ, ಆಮೇಲೆ ಅಡುಗೆಮನೆಯ ಮಸಿಬಟ್ಟೆ, ಕೊನೆಗೆ ತಿಪ್ಪೆ. ತಿಪ್ಪೆಗೆ ಹೋದದ್ದು ಗೊಬ್ಬರವಾಗಿ ಹೊಲಕ್ಕೇ ವಾಪಸು ಬರುತ್ತಿತ್ತು. ಆ ಕಾಲವನ್ನು ಹೊಗಳಬೇಕೆಂದು ಇದನ್ನು ಹೇಳುತ್ತಿಲ್ಲ. ಆ ಗೊಬ್ಬರ ಹೊತ್ತವರು ಯಾರು, ಹೊಲ ಯಾರದಾಗಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಚೆನ್ನಾಗಿ ಗೊತ್ತು. ಎಸೆದದ್ದು ಮಣ್ಣಾಗುತ್ತಿತ್ತು ಎಂಬಷ್ಟು ಮಾತ್ರ ಇಲ್ಲಿ ಮುಖ್ಯ.

ಈಗ ಅದೇ ಸಾಲಿನಲ್ಲಿ ಪ್ಲಾಸ್ಟಿಕ್ ಕವರನ್ನು ಇಟ್ಟು ನೋಡಿ. ಎರಡನೆಯ ಮೆಟ್ಟಿಲಿಗೇ ದಾರಿ ಮುಗಿಯುತ್ತದೆ. ಒಮ್ಮೆ ಕಸದ ಚೀಲವಾಗಬಹುದು, ಆಮೇಲೆ ಏನೂ ಆಗಲಾರದು. ಮಣ್ಣಿನಲ್ಲಿ ಕಲಸಿದರೆ ಮಣ್ಣೇ ಕೆಡುತ್ತದೆ.

ನಮ್ಮ ವೃತ್ತದಲ್ಲಿ ಅನಿತ್ಯದ ಬಗ್ಗೆ ಮಾತು ಬಂದಾಗ ಒಬ್ಬ ಹುಡುಗ ಕೇಳಿದ್ದ: "ಎಲ್ಲಾ ಅನಿತ್ಯ ಅಂತೀರಲ್ಲ ಮೇಡಂ, ಪ್ಲಾಸ್ಟಿಕ್ಕೂ ಒಂದಿನ ಹೋಗ್ಲೇಬೇಕಲ್ವಾ?" ಒಳ್ಳೆಯ ಪ್ರಶ್ನೆ. ಪ್ಲಾಸ್ಟಿಕ್ ಕೂಡ ಅನಿತ್ಯವೇ. ಬಿಸಿಲಿಗೆ ಒಣಗಿ, ಸೀಳಿ, ಚೂರಾಗಿ, ಪುಡಿಯಾಗುತ್ತದೆ. ಆದರೆ ಅನಿತ್ಯ ಎಂದರೆ ಇಲ್ಲವಾಗುವುದು ಎಂದಲ್ಲ, ಬದಲಾಗುವುದು ಎಂದು. ಎಲೆ ಬದಲಾದರೆ ಇನ್ನೊಂದು ಗಿಡಕ್ಕೆ ಆಹಾರ. ಪ್ಲಾಸ್ಟಿಕ್ ಬದಲಾದರೆ ಇನ್ನೂ ಸಣ್ಣ ಪ್ಲಾಸ್ಟಿಕ್. 2021ರಲ್ಲಿ ಇಟಲಿಯ ಸಂಶೋಧಕರು ಗರ್ಭಿಣಿಯರ ಮಾಸುಚೀಲದಲ್ಲೇ ಅದರ ಕಣಗಳನ್ನು ಕಂಡರು. ಇನ್ನೂ ಹುಟ್ಟದ ಮಗು ನಮಗೆ ಏನನ್ನು ಕೊಟ್ಟಿತ್ತೆಂದು ಅದರಿಂದ ನಾವು ತೆಗೆದುಕೊಂಡೆವು?

ನಮ್ಮ ತಾಲ್ಲೂಕಿನಲ್ಲಿ ಕವರಿನ ಕೊನೆ ಹೇಗಿದೆ ನೋಡೋಣ. ನನಗೆ ಕಾಣುವುದು ನಾಲ್ಕು ದಾರಿ.

ಒಂದು, ಬೆಂಕಿ. ಸ್ನಾನದ ಹಂಡೆ ಒಲೆಗೆ ಬೇಗ ಉರಿ ಹಿಡಿಯಲಿ ಎಂದು ಕವರು ಹಾಕುವುದು ಹಳ್ಳಿ ಮನೆಗಳಲ್ಲಿ ಸಾಮಾನ್ಯ. ಕೆಲವು ಬಗೆಯ ಪ್ಲಾಸ್ಟಿಕ್, ಅದರಲ್ಲೂ ಪಿವಿಸಿ, ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಒಲೆಯ ಮುಂದೆ ಕೂತು ಅದನ್ನು ಕುಡಿಯುವವರು ಮನೆಯ ಹೆಂಗಸರು.

ಎರಡು, ಹಸುವಿನ ಹೊಟ್ಟೆ. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿಗೆ ತುಂಬಿ ಗಂಟು ಹಾಕಿ ಎಸೆಯುತ್ತೇವೆ. ವಾಸನೆ ಹಿಡಿದು ಬಂದ ಹಸುವಿಗೆ ಗಂಟು ಬಿಚ್ಚಲು ಕೈಯಿಲ್ಲ. ಕವರಿನ ಸಮೇತ ತಿನ್ನುತ್ತದೆ. ಅದು ಅರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ, ಹೊಟ್ಟೆಯಲ್ಲೇ ಉಂಡೆಗಟ್ಟುತ್ತದೆ. ಹೊಟ್ಟೆ ತುಂಬಿದ ಹಾಗೆ ಕಾಣುವ ಹಸು ಒಳಗೆ ಹಸಿದು ಸೊರಗುತ್ತದೆ.

ಮೂರು, ನೀರು ಮತ್ತು ಮಣ್ಣು. ಹುಣಸೂರಿನ ಚರಂಡಿಯದು ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕೆ.ಆರ್.ಎಸ್. ಅಣೆಕಟ್ಟಿಗೆ. ತಿಪ್ಪೆಯದು ಗೊಬ್ಬರದ ಜೊತೆ ಹೊಲಕ್ಕೆ. ತಂಬಾಕು ಬೆಳೆಯುವವರಿಗೆ ಒಂದು ವಿಷಯ ಗೊತ್ತು. ಹರಾಜಿಗೆ ಹೋಗುವ ಬೇಲ್‌ನೊಳಗೆ ಪ್ಲಾಸ್ಟಿಕ್ ಚೂರು, ನೈಲಾನ್ ದಾರ, ಕೋಳಿ ಪುಕ್ಕ ಸೇರಬಾರದೆಂದು ತಂಬಾಕು ಮಂಡಳಿ ಹೇಳುತ್ತಲೇ ಬಂದಿದೆ. ಸುಟ್ಟು ಹೊಗೆ ಎಳೆಯುವ ಎಲೆಯಲ್ಲಿ ಪ್ಲಾಸ್ಟಿಕ್ ಎಳೆ ಕಂಡರೆ ಕೊಳ್ಳುವವನು ಒಪ್ಪುವುದಿಲ್ಲ. ತಂಬಾಕು ಕಿತ್ತ ಮೇಲೆ ಅದೇ ಹೊಲದಲ್ಲಿ ನಾವು ಉಣ್ಣುವ ರಾಗಿ ಬಿತ್ತುತ್ತೇವೆ. ಆ ಮಣ್ಣಿನಲ್ಲಿ ಎಷ್ಟು ಚೂರಿದೆ ಎಂದು ತಪಾಸಣೆ ಮಾಡುವವರಿಲ್ಲ.

ನಾಲ್ಕನೆಯದು ಮನುಷ್ಯನ ಕೈ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಮಗುವಿನ ಡೈಪರ್, ಮುಟ್ಟಿನ ಪ್ಯಾಡ್, ಒಡೆದ ಗಾಜು, ಹಳಸಿದ ಸಾರು, ಎಲ್ಲವನ್ನೂ ಒಂದೇ ಕಪ್ಪು ಕವರಿಗೆ ತುಂಬಿ, ಗಂಟು ಹಾಕಿ ಗೇಟಿನ ಹೊರಗೆ ಇಡುವ ಮನೆಗಳು ಎಷ್ಟೋ ಇವೆ. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರೆ ಮಾಡಬೇಕೆಂದು ಹೇಳಿದ್ದವು. ನಾವು ಮಾಡದ ಕೆಲಸವನ್ನು ಮಾಡಲೇಬೇಕಾದವರು ಪೌರಕಾರ್ಮಿಕರು. ಆ ಗಂಟನ್ನು ಬಿಚ್ಚುವುದು ಅವರ ಬೆರಳುಗಳು. ಗಾಜು ತಾಗಿದರೆ ಅವರಿಗೆ. ಕರ್ನಾಟಕದಲ್ಲಿ ಈ ಕೆಲಸದಲ್ಲಿರುವವರಲ್ಲಿ ಬಹುಪಾಲು ದಲಿತರು ಎಂಬುದನ್ನು ಈ ಗುಂಪಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ. ಆ ಹೊರೆ ತಲೆಯಿಂದ ಇಳಿದದ್ದು ನಮ್ಮ ಚರಿತ್ರೆಯ ದೊಡ್ಡ ದಿನ. ಗಂಟು ಕಟ್ಟಿದ ಕಪ್ಪು ಕವರಿನಲ್ಲಿ ಅದೇ ಹೊರೆಯನ್ನು, ಅದೇ ಜನರ ಕೈಗೆ, ದಿನಾ ಬೆಳಿಗ್ಗೆ ಮತ್ತೆ ಕೊಡುತ್ತಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. ತಲೆಯ ಮೇಲಿನ ಕುಕ್ಕೆ ಬೀದಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ನಾಚಿಕೆ ಹುಟ್ಟಿಸುತ್ತಿತ್ತು. ಕವರು ಹಾಗಲ್ಲ. ಅದರ ಒಳಗೆ ಏನಿದೆ ಎಂಬುದು ತುಂಬಿದವರಿಗೆ ಗೊತ್ತು, ಬಿಚ್ಚಿದವರಿಗೆ ಗೊತ್ತು. ನಡುವೆ ಇರುವ ಊರಿಗೆ ಗೊತ್ತಾಗುವುದಿಲ್ಲ.

ಇಲ್ಲಿ ಇನ್ನೊಂದು ಕಷ್ಟದ ಮಾತಿದೆ. ಬಳಸಿ ಎಸೆಯುವ ಲೋಟವನ್ನು ಬಿಡಿ ಎಂದು ನಮ್ಮ ಹಿರಿಯರಿಗೆ ಹೇಳುವ ಮುಂಚೆ ಅವರ ನೆನಪನ್ನು ಕೇಳಬೇಕು. ಟೀ ಅಂಗಡಿಯ ಸೂರಿಗೆ ಸಿಕ್ಕಿಸಿದ ಬೇರೆ ಲೋಟ, ತೆಂಗಿನ ಚಿಪ್ಪು, ಕುಡಿದು ತಾನೇ ತೊಳೆದಿಟ್ಟು ಬರಬೇಕಾದ ಅವಮಾನ ಇವೆಲ್ಲ ಪುಸ್ತಕದಲ್ಲಿ ಓದಿದ್ದಲ್ಲ, ಅನುಭವಿಸಿದ್ದು. ಪ್ಲಾಸ್ಟಿಕ್ ಲೋಟ, ಪೇಪರ್ ಲೋಟ ಬಂದಾಗ ಎಲ್ಲರಿಗೂ ಒಂದೇ ಬಗೆಯ ಲೋಟ ಸಿಕ್ಕಿತು. ಎಷ್ಟೋ ಜನರಿಗೆ ಅದು ಬಿಡುಗಡೆಯ ಹಾಗೆ ಕಂಡಿತು. ಆ ಭಾವನೆಯನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಆದರೂ ಕೇಳಿಕೊಳ್ಳೋಣ. ಅಂಗಡಿಯವನ ಮನಸ್ಸು ಬದಲಾಯಿತೇ, ಅಥವಾ ಬದಲಾಗದೆಯೇ ವ್ಯಾಪಾರ ನಡೆಸುವ ದಾರಿ ಅವನಿಗೆ ಸಿಕ್ಕಿತೇ? ನಾವು ತುಟಿ ಇಟ್ಟ ಲೋಟವನ್ನು ತೊಳೆದು ತಾನೂ ಅದರಲ್ಲಿ ಕುಡಿಯುವುದು ಸಮಾನತೆ. ನಾವು ತುಟಿ ಇಟ್ಟದ್ದನ್ನು ಯಾರೂ ಮುಟ್ಟದೆ ಬುಟ್ಟಿಗೆ ಹಾಕುವುದು ಬೇರೆ ಏನೋ. ಕೆಲವು ಕಡೆ ನಮ್ಮವರಿಗೆ ಮಾತ್ರ ಬಳಸಿ ಎಸೆಯುವ ಲೋಟ, ಮಿಕ್ಕವರಿಗೆ ಗಾಜಿನ ಲೋಟ ಎಂಬ ಸುದ್ದಿಗಳನ್ನೂ ಓದಿದ್ದೇವೆ. ಹಾಗಾಗಿ ಸ್ಟೀಲ್ ಲೋಟಕ್ಕೆ ಮರಳುವುದೆಂದರೆ ಹಳೆಯ ಕಾಲಕ್ಕೆ ಮರಳುವುದಾಗಬಾರದು. ಎಲ್ಲರಿಗೂ ಒಂದೇ ಲೋಟ, ಒಂದೇ ನೀರಿನಲ್ಲಿ ತೊಳೆದದ್ದು, ಒಂದೇ ಕಡೆ ಕವುಚಿಟ್ಟದ್ದು ಎಂಬ ಹಟದೊಂದಿಗೆ ಮರಳಬೇಕು. ಇದು ಪರಿಸರದ ಕೆಲಸವೂ ಹೌದು, ಬಾಬಾಸಾಹೇಬರ ಕೆಲಸವೂ ಹೌದು.

ಪ್ಲಾಸ್ಟಿಕ್ ಬೇಡವೆಂದು ಪೇಪರ್ ಲೋಟ ಹಿಡಿಯುವವರಿಗೆ ಒಂದು ಮಾತು. ಆ ಕಾಗದದ ಒಳಮೈಗೂ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷಿಸಿದಾಗ, 100 ಮಿಲಿ ಲೀಟರ್ ಬಿಸಿ ನೀರು ಅಂಥ ಲೋಟದಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಕಂಡರು.

ಈಗ ಒಂದು ಆಕ್ಷೇಪಣೆ ಏಳುತ್ತದೆ, ಅದು ನ್ಯಾಯವಾದದ್ದೇ. ಕಾರ್ಖಾನೆಗಳನ್ನು ಬಿಟ್ಟು ನಮಗೆ ಏಕೆ ಉಪದೇಶ? 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಲ್ಲಿಸಿತು. ಆದರೂ ಸಂತೆಯಲ್ಲಿ ಕವರು ಸಿಗುತ್ತಲೇ ಇದೆ. ದಂಡ ಬೀಳುವುದು ಹೂ ಮಾರುವ ಅಮ್ಮನಿಗೆ. ಮರುಬಳಕೆ ಆಗುತ್ತದಲ್ಲ ಎಂಬ ಸಮಾಧಾನವೂ ಗಟ್ಟಿಯಿಲ್ಲ. 2017ರಲ್ಲಿ ಪ್ರಕಟವಾದ ಒಂದು ಜಾಗತಿಕ ಲೆಕ್ಕದ ಪ್ರಕಾರ, 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆಯಾದದ್ದು ನೂರಕ್ಕೆ 9 ಮಾತ್ರ. ಮಾಡುವ ಕೈಯನ್ನು ಹಿಡಿಯದೆ ಎಸೆಯುವ ಕೈಯನ್ನು ಮಾತ್ರ ಬೈದರೆ ಸಾಲದು. ಆ ಬೇಡಿಕೆಯನ್ನು ನಾವು ಬಿಡಬಾರದು.

ಆದರೆ ಶೀಲ ಇನ್ನೊಬ್ಬರು ಮೊದಲು ಪಾಲಿಸಲಿ ಎಂದು ಕಾಯುವುದಿಲ್ಲ. ಲೋಕದಲ್ಲಿ ಕಳ್ಳತನ ನಿಂತ ಮೇಲೆ ನಾನು ಬಿಡುತ್ತೇನೆ ಎಂದು ನಾವು ಯಾರೂ ಹೇಳುವುದಿಲ್ಲ ತಾನೆ? ಇನ್ನು ಹೂ ಮಾರುವ ಅಮ್ಮನ ಮಾತು. ಆಕೆ ಕವರು ಇಟ್ಟುಕೊಳ್ಳುವುದು ನಾವು ಬರಿಗೈಯಲ್ಲಿ ಹೋಗುವುದಕ್ಕೆ. ಕವರು ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುವವರು ನಾವು. ಆದ್ದರಿಂದ ಮಾರುವವರ ಮೇಲೆ ರೇಗುವುದು ಧಮ್ಮವಲ್ಲ, ಚೀಲ ಹಿಡಿದು ಹೋಗುವುದು ಧಮ್ಮ.

ಎಲ್ಲ ಪ್ಲಾಸ್ಟಿಕ್ಕೂ ಪಾಪ ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಸಿರಿಂಜು ಬೇಕು. ಹನಿ ನೀರಾವರಿಯ ಪೈಪು ಎಷ್ಟೋ ವರ್ಷ ದುಡಿಯುತ್ತದೆ. ನೀರು ತುಂಬಿಡುವ ಡ್ರಮ್ಮು, ಬಕೆಟ್ಟು ಇದ್ದರೆ ಇರಲಿ, ಒಡೆಯುವ ತನಕ ಬಳಸೋಣ. ಒಮ್ಮೆ ಬಳಸಿ ಎಸೆಯುವ, ಬೇರೆ ದಾರಿ ಇರುವ ವಸ್ತುಗಳನ್ನಷ್ಟೇ ಮೊದಲು ನೋಡೋಣ.

ಅದನ್ನು ನಡೆಸಲು ಸಾಧ್ಯವೇ ಎಂದು ಕೇಳುವವರು ನಮ್ಮ ಸರ್ಕಾರಿ ಶಾಲೆಗೆ ಮಧ್ಯಾಹ್ನ ಬರಲಿ. ಬಿಸಿಯೂಟ ಪ್ರತಿದಿನ ಸ್ಟೀಲ್ ತಟ್ಟೆಯಲ್ಲಿ ನಡೆಯುತ್ತದೆ. ಒಂದು ಎಸೆಯುವ ತಟ್ಟೆಯಿಲ್ಲ. ಎಲ್ಲ ಮನೆಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಬಗೆಯ ತಟ್ಟೆಯಲ್ಲಿ ಉಣ್ಣುತ್ತಾರೆ, ಒಂದೇ ನಲ್ಲಿಯಲ್ಲಿ ತೊಳೆಯುತ್ತಾರೆ. ಮಕ್ಕಳು ದಿನಾ ಮಾಡುವುದನ್ನು ದೊಡ್ಡವರು ವರ್ಷಕ್ಕೆ ಎರಡು ಸಮಾರಂಭದಲ್ಲಿ ಮಾಡಲಾರೆವೇ?

ನನ್ನ ಮನೆಯಲ್ಲಿ ನಡೆದು ಬಂದ ಕೆಲವು ರೂಢಿಗಳನ್ನು ಹೇಳುತ್ತೇನೆ. ನಿಮಗೆ ಸರಿ ಕಂಡದ್ದನ್ನು ಇಟ್ಟುಕೊಳ್ಳಿ.

ಚೀಲವನ್ನು ಹೊಸದಾಗಿ ಕೊಳ್ಳುವುದಿಲ್ಲ. ಡೆನ್ಮಾರ್ಕ್‌ನ ಪರಿಸರ ಇಲಾಖೆಯ 2018ರ ಅಧ್ಯಯನದ ಪ್ರಕಾರ, ಹೊಸ ಹತ್ತಿ ಚೀಲವನ್ನು 50ಕ್ಕೂ ಹೆಚ್ಚು ಸಲ ಬಳಸಿದರೆ ಮಾತ್ರ, ಹವಾಮಾನದ ಲೆಕ್ಕವೊಂದನ್ನೇ ನೋಡಿದರೂ, ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ. ಕಾರ್ಯಕ್ರಮಕ್ಕೊಂದು ಹೊಸ ಬಟ್ಟೆ ಚೀಲ ಹಂಚುವುದೂ ಆಸೆಯೇ. ಹಳೆ ಪ್ಯಾಂಟು, ಹಳೆ ಸೀರೆಯನ್ನು ಟೈಲರ್ ಬಳಿ ಕೊಟ್ಟರೆ ಗಟ್ಟಿ ಚೀಲವಾಗುತ್ತದೆ. ಆನಂದರ ಸಾಲಿನಲ್ಲಿ ಒಂದು ಮೆಟ್ಟಿಲು ಅದು.

ಹೋಟೆಲಿನಿಂದ ಪಾರ್ಸಲ್ ತರುವುದಾದರೆ ಕ್ಯಾರಿಯರ್ ಹೋಗುತ್ತದೆ. ಬಿಸಿ ಸಾಂಬಾರು ಕವರಿನಲ್ಲಿ ಬೇಡ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಆರೋಗ್ಯ ಇಲಾಖೆ 2025ರಲ್ಲಿ ತಡೆಯಬೇಕಾಗಿ ಬಂದದ್ದು ನೆನಪಿರಲಿ.

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಅಂಟಿಕೊಂಡೇ ಇರಲಿ. ಆ ಪುಟ್ಟ ಮೂಲೆ ಬಿದ್ದರೆ ಯಾರೂ ಆರಿಸಲಾರರು. ತೊಳೆದು ಒಣಗಿಸಿದ ಪ್ಯಾಕೆಟ್ಟು ಒಣ ಕಸಕ್ಕೆ. ನಮ್ಮ ಹಳ್ಳಿಗಳ ಹಾಲು ಕ್ಯಾನಿನಲ್ಲಿ ಡೇರಿಗೆ ಹೋಗಿ ಪ್ಯಾಕೆಟ್ಟಿನಲ್ಲಿ ವಾಪಸು ಬರುತ್ತದೆ. ಹಸು ಕಟ್ಟಿದ ಮನೆ ಹತ್ತಿರವಿದ್ದರೆ ತಂಬಿಗೆ ಹಿಡಿದು ಹೋಗುವುದು ಇನ್ನೂ ಒಳ್ಳೆಯದು.

ಹಸಿ ಕಸ ಕವರಿಗೆ ಹೋಗುವುದಿಲ್ಲ, ಗಿಡದ ಬುಡಕ್ಕೆ ಅಥವಾ ಗುಂಡಿಗೆ. ಪ್ಯಾಡು, ಡೈಪರು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಬೇರೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿ ಕೊಡುವುದು. "ಅಕ್ಕ, ಇದರಲ್ಲಿ ಗಾಜಿದೆ" ಎಂಬ ಒಂದು ಮಾತು ಮೈತ್ರಿಯ ಮಾತು.

ಕೊನೆಯದಾಗಿ ನಮ್ಮ ವೃತ್ತಕ್ಕೆ ಒಂದು ವಿನಂತಿ. ಏಪ್ರಿಲ್ 14ರ ಜಯಂತಿಯಲ್ಲೂ ಬುದ್ಧ ಪೂರ್ಣಿಮೆಯಲ್ಲೂ ಮಜ್ಜಿಗೆ ಪಾನಕ ಹಂಚುತ್ತೇವೆ, ಊಟ ಹಾಕುತ್ತೇವೆ, ಫ್ಲೆಕ್ಸ್ ಕಟ್ಟುತ್ತೇವೆ. ಮಾರನೆಯ ದಿನ ನಸುಕಿನಲ್ಲಿ ಆ ಮೈದಾನವನ್ನು ಗುಡಿಸಲು ಬರುವವರು ಯಾರು? ಬಾಬಾಸಾಹೇಬರ ಚಿತ್ರಕ್ಕೆ ಕೈ ಮುಗಿದು ಮನೆಗೆ ಹೋದ ನಮ್ಮದೇ ಅಣ್ಣಂದಿರು, ಅಕ್ಕಂದಿರು. ಅವರ ಹಬ್ಬವೂ ಆದ ಹಬ್ಬದಲ್ಲಿ ನಮ್ಮ ಲೋಟಗಳನ್ನು ಅವರು ಆರಿಸಬೇಕೇ? ಇನ್ನೂರು ಸ್ಟೀಲ್ ಲೋಟವನ್ನು ಎಲ್ಲರೂ ಸೇರಿ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತವೆ, ಬೇರೆಯವರ ಸಮಾರಂಭಕ್ಕೂ ಕೊಡಬಹುದು. ಊಟಕ್ಕೆ ಬಾಳೆ ಎಲೆ ಅಥವಾ ಅಡಿಕೆ ಹಾಳೆ. ಫ್ಲೆಕ್ಸಿನ ಬದಲು ಬಟ್ಟೆಯ ಮೇಲೆ ಬರೆಸಿದ ಬ್ಯಾನರು. ಲೋಟ ತೊಳೆಯುವ ಸರದಿಯಲ್ಲಿ ಉಪನ್ಯಾಸ ಕೊಟ್ಟವರೂ ಇರಲಿ, ಅಧ್ಯಕ್ಷತೆ ವಹಿಸಿದವರೂ ಇರಲಿ. ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸೋಣವೇ?

ಇಂದಿನ ಅಭ್ಯಾಸ: ಈ ದಿನ ಏನನ್ನಾದರೂ ಎಸೆಯುವಾಗ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಇದನ್ನು ನನ್ನ ನಂತರ ಮುಟ್ಟುವವರು ಯಾರು ಎಂದು ಮನಸ್ಸಿನಲ್ಲಿ ಕೇಳಿಕೊಳ್ಳಿ. ಉತ್ತರ ಒಬ್ಬ ಮನುಷ್ಯನೋ, ಹಸುವೋ, ಹೊಲವೋ ಆಗಿದ್ದರೆ, ಅವರ ಕಡೆಯಿಂದ ಆ ವಸ್ತುವನ್ನು ಮತ್ತೊಮ್ಮೆ ನೋಡಿ. ರಾತ್ರಿ ಮಲಗುವ ಮುಂಚೆ, ನಾಳೆ ಬಿಡಬಹುದಾದ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ಒಂದು ಸಾಕು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.

- ಕನ್ನಡ ಶಿಕ್ಷಕಿ, ಪಿರಿಯಾಪಟ್ಟಣ